ಕಿರುನೆಲ್ಲಿಗೆ ಕೇಳಿದ ಪ್ರಶ್ನೆ

ಮುಂಗಾರು ಕಾಲೂರಿ ಒಂದೆರಡು ವಾರವಾದರೆ ಸಾಕು, ಅಂಗಳದ ಅಂಚಿನಲ್ಲಿ, ಅಡಿಕೆ ತೋಟದ ಬದುವಿನಲ್ಲಿ, ಬಸ್ ನಿಲ್ದಾಣದ ಸಿಮೆಂಟು ಬಿರುಕಿನಲ್ಲೂ ಕಿರುನೆಲ್ಲಿ ತಲೆಯೆತ್ತಿರುತ್ತದೆ. ಗೇಣುದ್ದದ ಗಿಡ, ಬಿತ್ತಿದವರಿಲ್ಲ, ನೀರೆರೆದವರಿಲ್ಲ. ಕೆಲವು ಕಡೆ ನೆಲನೆಲ್ಲಿ ಎನ್ನುತ್ತಾರೆ. ಕಳೆ ಕೀಳುವಾಗ ಕಿತ್ತೆಸೆಯುವುದೂ ಇದನ್ನೇ, ಮನೆಯಲ್ಲಿ ಯಾರದಾದರೂ ಕಣ್ಣು ಹಳದಿಗಟ್ಟಿದರೆ ಹುಡುಕಿಕೊಂಡು ಹೋಗುವುದೂ ಇದನ್ನೇ. ಬೇರುಸಮೇತ ಕಿತ್ತು, ತೊಳೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಅರೆದು ಬರಿಹೊಟ್ಟೆಗೆ ಕುಡಿಸುವ ಪದ್ಧತಿ ನಮ್ಮ ಊರುಗಳಲ್ಲಿ ಇಂದಿಗೂ ಇದೆ.

ಒಂದು ಕಡ್ಡಿ ಮುರಿದು ಮಗುಚಿ ಹಿಡಿದು ನೋಡಿ. ಮೇಲಿನಿಂದ ಕಾಣುವುದು ಹುಣಸೆ ಎಲೆಯ ಹಾಗೆ ಎರಡು ಸಾಲು ಪುಟ್ಟ ಎಲೆಗಳು, ಅಷ್ಟೇ. ಅಡಿಯಲ್ಲಿ ಎಲೆಎಲೆಯ ಬುಡಕ್ಕೂ ಸಾಸಿವೆ ಕಾಳಿನಷ್ಟು ಹೂವೋ ಕಾಯೋ ತೂಗಿಕೊಂಡಿರುತ್ತದೆ, ಸಾಲು ತಪ್ಪದೆ. ಸಂಜೆ ಹೊತ್ತಿಗೆ ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಳ್ಳುತ್ತವೆ. ನಾಲಿಗೆಗಿಟ್ಟರೆ ಕಹಿ. ಆ ಕಹಿ ಎಲ್ಲಿಂದ ಬಂತು ಎಂದು ಹುಡುಕಿದವರು ರಸಾಯನಶಾಸ್ತ್ರಜ್ಞ ಟಿ. ಆರ್. ಶೇಷಾದ್ರಿಯವರ ಬಳಗ. 1940ರ ದಶಕದಲ್ಲಿ ಅವರು ಆ ಕಹಿಯನ್ನು ಬೇರ್ಪಡಿಸಿ ಅದರ ಸ್ವರೂಪ ತಿಳಿಸಿದರು. ಅದೇ ಫಿಲಾಂತಿನ್.

ಈ ಗಿಡದ ಮುಂದೆ ಕೂತಾಗಲೆಲ್ಲ ನನ್ನನ್ನು ಕಾಡುವ ಬೆರಗು ಒಂದೇ. ಗಿಡಕ್ಕೆ ಯಕೃತ್ತು ಇಲ್ಲ. ರಕ್ತವಿಲ್ಲ, ಪಿತ್ತವಿಲ್ಲ, ಅದಕ್ಕೆ ಕಾಮಾಲೆ ಬರುವುದಿಲ್ಲ. ಅದು ಕಹಿ ಮಾಡಿಕೊಂಡಿದ್ದರೆ ತನ್ನ ಕಷ್ಟಕ್ಕೆ ಮಾಡಿಕೊಂಡಿರಬೇಕು: ಮೇಯಲು ಬಂದ ಹುಳುವಿಗೆ, ಅಂಟಲು ಬಂದ ಬೂಷ್ಟಿಗೆ. ಓಡಿಹೋಗಲಾರದ ಜೀವಕ್ಕೆ ಇರುವ ಕೋಟೆ ಅದೊಂದೇ. ಹಾಗಿರುವಾಗ ಅದರ ಕಹಿಗೂ ನನ್ನ ಪಕ್ಕೆಲುಬಿನ ಅಡಿಯಲ್ಲಿರುವ ಒಂದೂವರೆ ಕಿಲೋ ತೂಕದ ಅಂಗಕ್ಕೂ ಎಲ್ಲಿಯ ನಂಟು? ನಂಟು ಹಳೆಯದು ಎನ್ನುವ ವಿಜ್ಞಾನಿಗಳಿದ್ದಾರೆ. ಪ್ರಾಣಿಗಳು ಕೋಟ್ಯಂತರ ವರ್ಷಗಳಿಂದ ಎಲೆ ತಿನ್ನುತ್ತ ಬಂದವು. ಎಲೆಯ ವಿಷಗಳನ್ನು ಮುರಿದು ಹೊರಹಾಕಲೆಂದೇ ಯಕೃತ್ತಿನ ಅನೇಕ ಕಿಣ್ವಗಳು ಬೆಳೆದು ಬಂದವು ಎಂಬುದು ಅವರ ಊಹೆ. ನಿಜವಿದ್ದರೆ, ಗಿಡವೂ ಯಕೃತ್ತೂ ಒಬ್ಬರನ್ನೊಬ್ಬರು ಬಲ್ಲರು. ವೈದ್ಯ ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ ಬಲ್ಲರು.

ಬಲ್ಲರು ಎಂದ ಮಾತ್ರಕ್ಕೆ ಗುಣಪಡಿಸುತ್ತದೆ ಎಂದಾಗಲಿಲ್ಲ. ಅದನ್ನು ಗಿಡಕ್ಕೇ ಕೇಳಬೇಕು, ಗಿಡಕ್ಕೆ ಉತ್ತರಿಸಲು ಬರುವ ರೀತಿಯಲ್ಲಿ ಕೇಳಬೇಕು.

ಕೇಳುವ ಬಗೆ ಹೀಗೆ. ಗಿಡವನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡುತ್ತಾರೆ. ಪುಡಿಯನ್ನು ಗಾಜಿನ ಸಾಕ್ಸ್‌ಲೆಟ್ ಉಪಕರಣದಲ್ಲಿಟ್ಟರೆ, ಕೆಳಗೆ ಕುದಿಯುವ ಆಲ್ಕೋಹಾಲು ಆವಿಯಾಗಿ ಮೇಲೇರಿ, ತಣಿದು ಪುಡಿಯ ಮೇಲೆ ತೊಟ್ಟಿಕ್ಕಿ, ಬಣ್ಣ ಹೀರಿಕೊಂಡು ಮತ್ತೆ ಕೆಳಗಿಳಿಯುತ್ತದೆ. ಗಂಟೆಗಟ್ಟಲೆ ಅದೇ ಸುತ್ತು. ಕೊನೆಗೆ ಆಲ್ಕೋಹಾಲನ್ನು ಆವಿ ಮಾಡಿ ತೆಗೆದರೆ ಕಡುಹಸಿರು, ಕಪ್ಪೆನ್ನಬಹುದಾದ ಅಂಟು ಉಳಿಯುತ್ತದೆ. ಇದೇ ಸಾರ. ನೀರಿನಲ್ಲಿ ತೆಗೆದ ಸಾರ ಬೇರೆ, ಆಲ್ಕೋಹಾಲಿನದು ಬೇರೆ. ಫಿಲಾಂತಿನ್ ನೀರಿಗಿಂತ ಎಣ್ಣೆ, ಆಲ್ಕೋಹಾಲುಗಳಲ್ಲೇ ಚೆನ್ನಾಗಿ ಕರಗುವ ವಸ್ತು. ಗಿಡವನ್ನು ಹಾಲಿನಲ್ಲಿ ಅರೆಯುತ್ತಿದ್ದ ಕೈಗಳನ್ನು ನೆನೆದಾಗ ಇಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ಹಾಲಿನಲ್ಲಿ ಕೊಬ್ಬಿದೆ. ಆ ಕೈಗಳಿಗೆ ಏನು ತಿಳಿದಿತ್ತೋ!

ಮುಂದೆ ಇಲಿಗಳು. ಒಂದು ಗುಂಪಿಗೆ ಏನೂ ಮಾಡುವುದಿಲ್ಲ. ಉಳಿದವಕ್ಕೆ ಕಾರ್ಬನ್ ಟೆಟ್ರಾಕ್ಲೋರೈಡ್ ಕೊಡುತ್ತಾರೆ, ಹಿಂದೆ ಬಟ್ಟೆ ಡ್ರೈಕ್ಲೀನಿಂಗಿಗೆ ಬಳಸುತ್ತಿದ್ದ ದ್ರವ. ಯಕೃತ್ತಿನ ಕಿಣ್ವವೇ ಅದನ್ನು ಮುರಿದು ಇನ್ನೂ ಉಗ್ರವಾದ ಚೂರು ಮಾಡುತ್ತದೆ, ಆ ಚೂರು ಜೀವಕೋಶದ ಪೊರೆಯನ್ನು ಹರಿಯುತ್ತದೆ, ಕೋಶದೊಳಗೆ ಇರಬೇಕಾದ ಎಸ್‌ಜಿಪಿಟಿ, ಎಸ್‌ಜಿಒಟಿ ಎಂಬ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಕಾಮಾಲೆಯ ರೋಗಿಯ ಲ್ಯಾಬ್ ವರದಿಯಲ್ಲಿ ನಾವು ಆತಂಕದಿಂದ ಹುಡುಕುವ ಅಂಕಿಗಳು ಇವೇ. ವಿಷದ ಜೊತೆ ಸಾರವನ್ನೂ ಪಡೆದ ಇಲಿಗಳಲ್ಲಿ ಸೋರಿಕೆ ಕಡಿಮೆಯಾದರೆ, ಗಿಡ ಏನೋ ಹೇಳಿತು ಎಂದರ್ಥ. 1985ರಲ್ಲಿ ಲಖನೌದ ಮತ್ತು ಜಪಾನಿನ ಸಂಶೋಧಕರು ಸೇರಿ ಇಲಿಯ ಯಕೃತ್ತಿನ ಕೋಶಗಳನ್ನು ಗಾಜಿನ ತಟ್ಟೆಯಲ್ಲಿಟ್ಟು ಇದೇ ಪ್ರಶ್ನೆ ಕೇಳಿದರು. ಫಿಲಾಂತಿನ್ ಆ ಕೋಶಗಳನ್ನು ವಿಷದಿಂದ ಕಾಪಾಡಿತು.

ಇಲಿಯ ಋಣ ದೊಡ್ಡದು. ಈಗ ಪ್ರತಿ ಪ್ರಯೋಗಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಎಷ್ಟು ಪ್ರಾಣಿ, ಏಕೆ ಎಂದು ಬರೆದುಕೊಡಬೇಕು. ಅಷ್ಟಾದರೂ ಆಗಲೇಬೇಕು.

ಸಾರದ ರಕ್ಷಣೆಯನ್ನು ಹೀಗೆ ಅಳೆದರೆ, ಗಾಯ ಮಾಯುವುದನ್ನು ಅಳೆಯುವ ಬಗೆ ಇನ್ನೂ ಚೆಂದ. ಒಂದೆಲಗವನ್ನೇ ತೆಗೆದುಕೊಳ್ಳಿ. ಮಲೆನಾಡು, ಕರಾವಳಿಯಲ್ಲಿ ತಂಬುಳಿ ಮಾಡುವ, ತುಳುವರು ತಿಮರೆ ಎನ್ನುವ ಎಲೆ. ಅದರ ಏಷಿಯಾಟಿಕೊಸೈಡ್ ಎಂಬ ವಸ್ತುವನ್ನು ಬೇರ್ಪಡಿಸಿದ್ದು 1940ರ ದಶಕದಲ್ಲಿ, ಮಡಗಾಸ್ಕರದ ಗಿಡದಿಂದ. ಗಾಯದ ಸಾಮಾನ್ಯ ಪರೀಕ್ಷೆಯಲ್ಲಿ ಅರಿವಳಿಕೆ ಕೊಟ್ಟು ಇಲಿಯ ಬೆನ್ನಿನ ಚರ್ಮದ ಒಂದು ವೃತ್ತ ತೆಗೆಯುತ್ತಾರೆ; ದಿನ ಬಿಟ್ಟು ದಿನ ಪಾರದರ್ಶಕ ಹಾಳೆಯನ್ನು ಗಾಯದ ಮೇಲಿಟ್ಟು ಅಂಚು ಗೆರೆ ಎಳೆದು, ಗ್ರಾಫ್ ಕಾಗದದ ಮೇಲಿಟ್ಟು ಚೌಕ ಎಣಿಸುತ್ತಾರೆ. ಇನ್ನೊಂದು ಪರೀಕ್ಷೆಯಲ್ಲಿ ಸೀಳಿ ಹೊಲಿದ ಗಾಯ ಕೂಡಿಕೊಂಡ ಮೇಲೆ, ಹತ್ತನೆಯ ದಿನದ ಹೊತ್ತಿಗೆ, ಗಾಯದ ಒಂದು ಅಂಚನ್ನು ಭದ್ರವಾಗಿ ಹಿಡಿದು, ಇನ್ನೊಂದಕ್ಕೆ ದಾರದಿಂದ ಖಾಲಿ ಡಬ್ಬಿ ಕಟ್ಟುತ್ತಾರೆ. ಡಬ್ಬಿಗೆ ನಿಧಾನವಾಗಿ, ಒಂದೇ ವೇಗದಲ್ಲಿ ನೀರು ಬಿಡುತ್ತಾರೆ. ಗಾಯ ಬಾಯಿ ಬಿಟ್ಟ ಕ್ಷಣಕ್ಕೆ ನೀರು ನಿಲ್ಲಿಸಿ ತೂಗುತ್ತಾರೆ. ಇಷ್ಟು ಗ್ರಾಂ ನೀರು, ಅಷ್ಟು ಆ ಗಾಯದ ಬಲ. ಮಾಯುವುದು ಎಂಬ ಕಣ್ಣಿಗೆ ಕಾಣದ ಕೆಲಸವನ್ನು ನೀರಿನಿಂದ ತೂಗಬಹುದು ಎಂದು ಹೊಳೆದ ಆ ತಲೆಗೆ ನಮಸ್ಕಾರ ಹೇಳಬೇಕು.

ಚರ್ಮಕ್ಕೆ ಆ ಬಲ ಕೊಡುವುದು ಕೊಲಾಜೆನ್ ಎಂಬ ಪ್ರೋಟೀನು. ಒಂದೆಲಗದ ಸಾರ ಹಚ್ಚಿದ ಗಾಯದಲ್ಲಿ ಅದು ಹೆಚ್ಚು ಕೂಡಿತು ಎಂದು 1996ರಲ್ಲಿ ವರದಿ ಮಾಡಿದ್ದು ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ. ಚಪ್ಪಲಿ, ಚೀಲಗಳ ತೊಗಲನ್ನು ಹದ ಮಾಡುವ ವಿದ್ಯೆ ಕಲಿಸುವ ಜಾಗ. ತೊಗಲೆಂದರೂ ಕೊಲಾಜೆನ್ನೇ ತಾನೆ, ಸತ್ತ ಚರ್ಮವನ್ನು ಬಲ್ಲವರು ಬದುಕಿರುವ ಚರ್ಮದ ಕಡೆ ತಿರುಗಿದರು.

ಇಷ್ಟೆಲ್ಲ ಅಳತೆಯಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಏನೂ ಹಚ್ಚದ, ಏನೂ ಕುಡಿಸದ ಗುಂಪು. ಆ ಗುಂಪಿನ ಗಾಯವೂ ಮಾಯುತ್ತದೆ. ಇಲಿಯ ಯಕೃತ್ತಿನ ಮೂರರಲ್ಲಿ ಎರಡು ಪಾಲು ಕತ್ತರಿಸಿ ತೆಗೆದರೂ ಉಳಿದ ಪಾಲು ಹತ್ತು ದಿನದೊಳಗೆ ಹೆಚ್ಚುಕಡಿಮೆ ಮೊದಲಿನ ತೂಕಕ್ಕೆ ಬೆಳೆಯುತ್ತದೆ; ಇದನ್ನು 1931ರಲ್ಲೇ ತೋರಿಸಿದ್ದಾರೆ. ಹೆಪಟೈಟಿಸ್ ಎ ವೈರಸ್ಸಿನ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆ ವಾರಗಳಲ್ಲಿ ಕುಡಿದದ್ದು ಕಿರುನೆಲ್ಲಿಯಾದರೆ ಕಿರುನೆಲ್ಲಿಗೆ ಹೆಸರು, ಕಬ್ಬಿನ ಹಾಲಾದರೆ ಕಬ್ಬಿಗೆ ಹೆಸರು. ದೇಹ ಮಾಡಿದ್ದೆಷ್ಟು, ಗಿಡ ಮಾಡಿದ್ದೆಷ್ಟು ಎಂದು ಬಿಡಿಸಿ ಹೇಳುವುದು ಆ ಮೂಕ ಗುಂಪು ಮಾತ್ರ.

ಮನುಷ್ಯರ ಮೇಲಿನ ಪರೀಕ್ಷೆಯೂ ನಡೆಯಿತು. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಮ್‌ಬರ್ಗ್ ಅವರಿಗೂ ಕಿರುನೆಲ್ಲಿ ಹಿಡಿಸಿತು. ಚೆನ್ನೈನ ಎಸ್. ಪಿ. ತ್ಯಾಗರಾಜನ್ ಅವರ ತಂಡದೊಂದಿಗೆ ಸೇರಿ ಅವರು 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶ ಜಗತ್ತನ್ನೇ ತಿರುಗಿ ನೋಡುವಂತೆ ಮಾಡಿತು. ವೈರಸ್ಸು ಮೈಯಲ್ಲಿ ಬೀಡುಬಿಟ್ಟವರಿಗೆ 30 ದಿನ ಪುಡಿ ಕೊಟ್ಟಿದ್ದರು. ಪುಡಿ ಪಡೆದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಹುಸಿ ಔಷಧ ಪಡೆದ 23 ಮಂದಿಯಲ್ಲಿ ಒಬ್ಬರದು ಮಾತ್ರ. ಯೋಚಿಸಿ ನೋಡಿ, ಬದುವಿನ ಕಳೆಗೆ ಸಿಕ್ಕ ಮರ್ಯಾದೆ! ಆದರೆ ಥಾಯ್ಲೆಂಡಿನಲ್ಲಿ, ನ್ಯೂಜಿಲೆಂಡಿನಲ್ಲಿ ಅದೇ ಪರೀಕ್ಷೆ ಮಾಡಿದವರಿಗೆ ಆ ಫಲ ಸಿಗಲಿಲ್ಲ. ಗಿಡದ ಮಣ್ಣು ಬೇರೆಯಾಗಿತ್ತೇ, ಕೊಯ್ದ ಕಾಲ ಬೇರೆಯೇ, ವೈರಸ್ಸಿನ ತಳಿ ಬೇರೆಯೇ, ಮೊದಲಿನ ಸಣ್ಣ ಗುಂಪೇ ದಾರಿ ತಪ್ಪಿಸಿತೇ? ವಾದ ನಡೆದಿದೆ. ಹೆಪಟೈಟಿಸ್ ಬಿಗೆ ಕಿರುನೆಲ್ಲಿ ಮದ್ದು ಎಂದು ಹೇಳುವಷ್ಟು ಪುರಾವೆ ಇಂದಿಗೂ ಕೂಡಿಬಂದಿಲ್ಲ.

ಇದನ್ನು ಸೋಲು ಎನ್ನಲು ನನಗೆ ಮನಸ್ಸಿಲ್ಲ. ತಟ್ಟೆಯ ಕೋಶಕ್ಕೆ ಹೌದು ಎಂದ ಗಿಡ ಮನುಷ್ಯನ ವೈರಸ್ಸಿಗೆ ಹೌದು ಎನ್ನಲಿಲ್ಲ. ಎರಡೂ ಅದರ ಮಾತೇ. ನಮಗೆ ಬೇಕಾದ ಉತ್ತರ ಬರುವವರೆಗೆ ಮಾತ್ರ ಕೇಳುವುದು ಗಿಡಕ್ಕೆ ಮಾಡುವ ಅವಮಾನ. ಪರೀಕ್ಷಿಸಲು ಒಪ್ಪದೆ ಬರೀ ಹೊಗಳುವುದೂ ಅಷ್ಟೇ ದೊಡ್ಡ ಅವಮಾನ. ಹಾಗೆಯೇ ಇನ್ನೊಂದು ಸಂಗತಿ. ಪರೀಕ್ಷೆಗೆ ಒಳಗಾದ ಈ ಕಿರುನೆಲ್ಲಿ, ಅಂದರೆ ಫಿಲಾಂತಸ್ ಅಮರಸ್, ಅಮೆರಿಕದ ಉಷ್ಣವಲಯದಿಂದ ಬಂದದ್ದು ಎನ್ನುತ್ತಾರೆ ಸಸ್ಯಶಾಸ್ತ್ರಜ್ಞರು. ಅದನ್ನೇ ಹೋಲುವ ಅಕ್ಕತಂಗಿ ಪ್ರಭೇದಗಳೂ ನಮ್ಮ ಬದುಗಳಲ್ಲಿವೆ, ಎಲ್ಲಕ್ಕೂ ಹೆಸರು ಕಿರುನೆಲ್ಲಿಯೇ. ಯಾವ ಗಿಡವನ್ನು ಕೇಳುತ್ತಿದ್ದೇವೆ ಎಂಬುದೇ ಮೊದಲ ಪ್ರಶ್ನೆ.

ನಿಮ್ಮ ಮನೆಯಲ್ಲಿ ನಾರುಬೇರಿನ ಮದ್ದು ಬಲ್ಲ ಹಿರಿಯರಿದ್ದರೆ ಅವರ ಜೊತೆ ಕುಳಿತು ಬರೆದಿಟ್ಟುಕೊಳ್ಳಿ. ಗಿಡವನ್ನು ಹೂವು ಕಾಯಿ ಸಮೇತ ಕಾಗದದ ನಡುವೆ ಒತ್ತಿ ಒಣಗಿಸಿ, ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ತೋರಿಸಿ ಸರಿಯಾದ ಹೆಸರು ಬರೆಸಿ. ಯಾವ ತಿಂಗಳು ಕೊಯ್ದದ್ದು, ಯಾವುದರಲ್ಲಿ ಅರೆದದ್ದು, ಎಷ್ಟು ದಿನ ಕೊಟ್ಟದ್ದು ಎಲ್ಲವೂ ಇರಲಿ. ವಾಸಿಯಾದವರಷ್ಟೇ ಸಾಲದು, ವಾಸಿಯಾಗದವರ ಲೆಕ್ಕವೂ ಅದರಲ್ಲಿರಲಿ. ಕಣ್ಣು ಹಳದಿಯಾದವರನ್ನು ಮಾತ್ರ ಮೊದಲು ರಕ್ತಪರೀಕ್ಷೆಗೆ ಕರೆದೊಯ್ಯಿರಿ.