ಗಾಂಜಾ ಕೇಸಿನವನಿಗೂ ವಕೀಲ ಬೇಕೇ?



ನಿಮ್ಮ ಓಣಿಯ ಒಬ್ಬ ಹುಡುಗನನ್ನು ಪೊಲೀಸರು ಗಾಂಜಾ ಕೇಸಿನಲ್ಲಿ ಹಿಡಿದುಕೊಂಡು ಹೋದರು ಎಂದುಕೊಳ್ಳಿ. ಮರುದಿನ ಅವನ ತಾಯಿ ನಿಮ್ಮ ಬಾಗಿಲಿಗೆ ಬಂದು, ವಕೀಲರ ಫೀಸಿಗೆ ಏನಾದರೂ ಸಹಾಯ ಮಾಡಿರೆಂದು ಸೆರಗೊಡ್ಡುತ್ತಾಳೆ. ನೀವು ಕೊಡುತ್ತೀರಾ? ಸೇಡಮ್ ಆಗಲಿ, ಚಿತ್ತಾಪುರವಾಗಲಿ, ಇಂಥ ಹೊತ್ತಿನಲ್ಲಿ ಕೇಳಿಬರುವ ಮಾತು ಹೆಚ್ಚಾಗಿ ಒಂದೇ: “ಊರ ಹುಡುಗುರನ್ನ ಕೆಡ್ಸೋ ಧಂದೆ ಮಾಡ್ದಾಂವ್ಗ ವಕೀಲ ಯಾಕ್ರೀ ಬೇಕು? ಒಳಗ ಬಿದ್ದಿರ್ಲಿ ಬಿಡ್ರಿ.”

ಹೀಗೆ ಹೇಳುವವರನ್ನು ಕಲ್ಲೆದೆಯವರೆಂದು ತಳ್ಳಿಹಾಕುವುದು ಸರಿಯಲ್ಲ. ಅಮಲಿಗೆ ಬಿದ್ದ ಮಗ ತಾಯಿಯ ಕಿವಿಯೋಲೆಯನ್ನೂ ಮಾರಿದ್ದನ್ನು ಕಂಡ ಮನೆಯವರು ಮತ್ತೆ ಹೇಗೆ ಮಾತನಾಡಿಯಾರು? ಅವರ ಸಿಟ್ಟಿಗೆ ಕಾರಣವಿದೆ. ಆದರೆ ಸಿಟ್ಟಿಗೆ ಕಾರಣವಿದ್ದ ಮಾತ್ರಕ್ಕೆ ಅದು ಬೆರಳು ತೋರಿಸಿದವನೇ ಅಪರಾಧಿ ಎಂದಾಗುವುದಿಲ್ಲವಷ್ಟೆ.

ಈ ಪ್ರಶ್ನೆ ನಮ್ಮ ಭಾಗಕ್ಕೆ ದೂರದ್ದೇನಲ್ಲ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಕಾಳಗಿ ತಾಲೂಕಿನ ಒಂದು ಕುರಿ ಸಾಕುವ ಜಾಗದಿಂದ 1,352 ಕಿಲೊ ಗಾಂಜಾ ಜಪ್ತಿ ಮಾಡಿದರು. ಕಾಳಗಿ ಮೊದಲು ಚಿತ್ತಾಪುರ ತಾಲೂಕಿಗೇ ಸೇರಿದ್ದ ಊರು. ಮಾಲು ಬಂದದ್ದು ಒಡಿಶಾದಿಂದ ಎಂದು ಪೊಲೀಸರು ಹೇಳಿದರು. ಇತ್ತ ವಾಡಿ ಜಂಕ್ಷನ್ ನೋಡಿ. ಮುಂಬಯಿ–ಚೆನ್ನೈ ಮಾರ್ಗಕ್ಕೆ ಸಿಕಂದರಾಬಾದಿನ ಮಾರ್ಗ ಬಂದು ಕೂಡುವುದು ಇಲ್ಲಿಯೇ. ಭುವನೇಶ್ವರದಿಂದ ಮುಂಬಯಿಗೆ ಹೋಗುವ ಕೊನಾರ್ಕ್ ಎಕ್ಸ್‌ಪ್ರೆಸ್ ಹಿಡಿಯುವುದು ಇದೇ ದಾರಿ. ಚಿಂಚೋಳಿಯ ಗಡಿ ದಾಟಿದರೆ ತೆಲಂಗಾಣ.

ಈಗ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಚಿಂಚೋಳಿ ಕಡೆಯವನು, ಏಳನೆಯ ತರಗತಿಗೆ ಶಾಲೆ ಬಿಟ್ಟವನು, ಹೈದರಾಬಾದಿನಲ್ಲಿ ಗೌಂಡಿ ಕೆಲಸ ಮಾಡುವವನು. ಊರಿಗೆ ಹೊರಟಾಗ ಪರಿಚಯದವನೊಬ್ಬ ಒಂದು ಬ್ಯಾಗು ಕೈಗಿಟ್ಟು, “ಶಹಾಬಾದ್ ಟೇಶನ್ದಾಗ ಒಬ್ಬಾಂವ ಬಂದು ತಗೋತಾನ, ನಿನಗ ಎರಡು ಸಾವಿರ” ಎನ್ನುತ್ತಾನೆ. ವಾಡಿಯ ಪ್ಲಾಟ್‌ಫಾರಂನಲ್ಲಿ ಪೊಲೀಸರು ಬ್ಯಾಗು ತೆರೆಸುತ್ತಾರೆ. ತೂಕ 22 ಕಿಲೊ. ಈ ಹುಡುಗನಿಗೆ ಒಳಗೇನಿದೆ ಎಂಬುದು ಗೊತ್ತೇ ಇರಲಿಲ್ಲವೇ? ಸಂಶಯ ಬಂದರೂ ಎರಡು ಸಾವಿರದ ಆಸೆಗೆ ಕೇಳದೆ ಸುಮ್ಮನಿದ್ದನೇ? ಅಥವಾ ಇದು ಅವನ ಐದನೆಯ ಸಾಗಾಟವೇ? ಪ್ಲಾಟ್‌ಫಾರಂ ಮೇಲೆ ನಿಂತು ನೋಡುವವರಿಗೆ ಈ ಮೂವರೂ ಒಂದೇ ರೀತಿ ಕಾಣುತ್ತಾರೆ. ಆತ್ಮಸಾಕ್ಷಿಯ ತಕ್ಕಡಿಯಲ್ಲಾದರೋ ಈ ಮೂವರ ತೂಕ ಬೇರೆ ಬೇರೆ.

1985ರ ಎನ್.ಡಿ.ಪಿ.ಎಸ್. ಕಾಯಿದೆ ಬಲು ಬಿಗಿಯಾದುದು. ಸಾಮಾನ್ಯ ಕೇಸುಗಳಲ್ಲಿ ಅಪರಾಧವನ್ನು ಸರ್ಕಾರವೇ ರುಜುವಾತು ಮಾಡಬೇಕು. ಆರೋಪಿ ಬಾಯಿ ಮುಚ್ಚಿಕೊಂಡಿದ್ದರೂ ನಡೆಯುತ್ತದೆ. ಇಲ್ಲಿ ಹಾಗಲ್ಲ. ಬ್ಯಾಗು ಅವನ ವಶದಲ್ಲಿತ್ತು ಎಂಬುದಷ್ಟು ರುಜುವಾತಾದರೆ ಸಾಕು, ಅದರೊಳಗೇನಿದೆ ಎಂಬುದು ಅವನಿಗೆ ತಿಳಿದೇ ಇತ್ತೆಂದು ನ್ಯಾಯಾಲಯ ಭಾವಿಸಿಕೊಳ್ಳುತ್ತದೆ. ‘ನನಗೆ ತಿಳಿದಿರಲಿಲ್ಲ’ ಎಂಬುದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿಕೊಡುವ ಹೊಣೆ ಆರೋಪಿಯದು. 20 ಕಿಲೊ ಮೀರಿದರೆ ಅದು ವಾಣಿಜ್ಯ ಪ್ರಮಾಣ: ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಕಠಿಣ ಸಜೆ, ಕನಿಷ್ಠ ಒಂದು ಲಕ್ಷ ದಂಡ. ಜಾಮೀನು ಕೊಡಬೇಕಾದರೆ ಇವನು ತಪ್ಪಿತಸ್ಥನಲ್ಲವೆಂದು ನಂಬಲು ಕಾರಣಗಳಿವೆ ಎಂದು ನ್ಯಾಯಾಧೀಶರಿಗೆ ಅನ್ನಿಸಬೇಕು. ದೋಷಾರೋಪ ಪಟ್ಟಿ ಸಲ್ಲಿಸಲು ಪೊಲೀಸರಿಗೆ 180 ದಿನ. ಏಳನೆಯ ತರಗತಿಗೆ ಶಾಲೆ ಬಿಟ್ಟ ಹುಡುಗ ಇಷ್ಟನ್ನೂ ಒಬ್ಬನೇ ಎದುರಿಸಬೇಕೇ?

ಹಾಗಾದರೆ ವಕೀಲರು ಮಾಡುವುದಾದರೂ ಏನು? ಸಿನಿಮಾದಲ್ಲಿ ಕಾಣುವ ವಾಕ್ಚಾತುರ್ಯವಲ್ಲ. ಹೆಚ್ಚಿನದು ಕಾಗದ ಓದುವ ಕೆಲಸ. ಪಂಚನಾಮೆಗೆ ಸಹಿ ಹಾಕಿದ ಪಂಚರು ನಿಜವಾಗಿ ಅಲ್ಲಿದ್ದರೇ, ಅಥವಾ ಆಮೇಲೆ ಠಾಣೆಗೆ ಕರೆಸಿ ಸಹಿ ಹಾಕಿಸಿದರೇ? ಮೈ ಶೋಧಿಸುವ ಮುನ್ನ, ‘ಪತ್ರಾಂಕಿತ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಶೋಧಿಸಿ ಎಂದು ಕೇಳುವ ಹಕ್ಕು ನಿನಗಿದೆ’ ಎಂದು ಹೇಳಿದರೇ? (ಈ ಹಕ್ಕು ಮೈ ಶೋಧನೆಗೆ ಮಾತ್ರ, ಕೈಯಲ್ಲಿರುವ ಬ್ಯಾಗಿಗೆ ಅನ್ವಯಿಸುವುದಿಲ್ಲ, ಇದು ಬಹಳ ಜನರಿಗೆ ತಿಳಿಯದು.) ಪರೀಕ್ಷೆಯ ಮಾದರಿಯನ್ನು ಮ್ಯಾಜಿಸ್ಟ್ರೇಟರ ಎದುರಿನಲ್ಲಿ ತೆಗೆದರೇ? ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದು. ಮಾದಕ ವಸ್ತು ನಿಗ್ರಹ ಅಧಿಕಾರಿಗಳು ಬರೆಸಿಕೊಂಡ ತಪ್ಪೊಪ್ಪಿಗೆಗೂ ಅದೇ ನಿಯಮ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಮಾನಿಸಿದೆ.

ಎಲ್ಲಕ್ಕಿಂತ ಮಿಗಿಲಾದದ್ದು ತೂಕದ ಪ್ರಶ್ನೆ. ಕಾಯಿದೆಯ ಪ್ರಕಾರ ಗಾಂಜಾ ಎಂದರೆ ಆ ಗಿಡದ ಹೂವು, ಕಾಯಿ ಬಿಟ್ಟ ತುದಿಗಳು. ತುದಿ ಜೊತೆಗಿಲ್ಲದ ಎಲೆ, ಬೀಜ ಗಾಂಜಾ ಅಲ್ಲ. ತೊಗರಿ ಸಾಲಿನ ನಡುವೆ ಬೆಳೆದ ಗಿಡಗಳನ್ನು ಬೇರು, ಕಾಂಡ, ಹಸಿಮಣ್ಣು ಸಮೇತ ಕಿತ್ತು ತಕ್ಕಡಿಗೆ ಹಾಕಿದರೆ ತೂಕ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಮ್ಮ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳೆದ ಅಪರಾಧಕ್ಕೇ 10 ವರ್ಷದವರೆಗೆ ಸಜೆ ಉಂಟು. ಅದು ಬೇರೆ ಮಾತು. ಆದರೆ ಮಾಲು ಇಟ್ಟುಕೊಂಡ, ಸಾಗಿಸಿದ ಕೇಸಿನಲ್ಲಿ 1 ಕಿಲೊದವರೆಗೆ ಒಂದು ವರ್ಷದೊಳಗಿನ ಸಜೆ ಅಥವಾ ಬರೀ ದಂಡ, 20 ಕಿಲೊದವರೆಗೆ 10 ವರ್ಷದೊಳಗೆ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಅದನ್ನು ದಾಟಿದರೆ ದಯೆ ತೋರಿಸಬೇಕೆಂದರೂ 10 ವರ್ಷಕ್ಕಿಂತ ಕಡಿಮೆ ಮಾಡಲು ನ್ಯಾಯಾಧೀಶರಿಗೂ ಆಗದು. ಆ ಬ್ಯಾಗಿನ 22 ಕಿಲೊದಲ್ಲಿ ಕಾಂಡಕಡ್ಡಿ ಎಷ್ಟು, ಬ್ಯಾಗಿನ ತೂಕ ಎಷ್ಟು ಎಂದು ಕೇಳುವವರೊಬ್ಬರು ಇರಲೇಬೇಕು. ಇದು ಕುತರ್ಕವಲ್ಲ. ಒಬ್ಬ ಮನುಷ್ಯನ ಆಯುಷ್ಯದ ಲೆಕ್ಕ.

ಪವಿತ್ರ ಬೈಬಲಿನ ದಾನಿಯೇಲನ ಗ್ರಂಥದಲ್ಲಿ ಬರುವ ಸುಸನ್ನಳ ಪ್ರಸಂಗ ನಿಮಗೆ ಗೊತ್ತಿದೆ. ಊರಿನ ಇಬ್ಬರು ಹಿರಿಯರೇ ಸಾಕ್ಷಿ ನುಡಿದಿದ್ದರು, ಜನ ನಂಬಿದ್ದರು, ಶಿಕ್ಷೆಯೂ ತೀರ್ಮಾನವಾಗಿತ್ತು. ಆಗ ಯುವಕ ದಾನಿಯೇಲ ಮಾಡಿದ್ದೇನು? ಸಾಕ್ಷಿಗಳಿಬ್ಬರನ್ನೂ ಬೇರೆ ಬೇರೆ ಮಾಡಿ, ಅದು ಯಾವ ಮರದ ಕೆಳಗೆ ನಡೆಯಿತು ಎಂದು ಕೇಳಿದ. ಇಬ್ಬರೂ ಹೇಳಿದ್ದು ಬೇರೆ ಬೇರೆ ಮರ. ಇಂದಿನ ಪಾಟೀಸವಾಲಿನಲ್ಲಿ ವಕೀಲರು ಪಂಚರಿಗೆ ಕೇಳುವುದೂ ಹೀಗೆಯೇ: ತಕ್ಕಡಿ ಎಲ್ಲಿಂದ ತಂದಿರಿ, ಅರಗಿನ ಮುದ್ರೆ ಹಾಕಿದವರು ಯಾರು?

ಆದರೆ ಸುಸನ್ನ ನಿರಪರಾಧಿಯಾಗಿದ್ದಳು ಎಂದು ನೀವು ಹೇಳಬಹುದು. ಕಷ್ಟವಿರುವುದು ಇಲ್ಲೇ. ನಮ್ಮ ಹುಡುಗ ನಿಜವಾಗಿ ತಿಳಿದೇ ತಂದಿದ್ದರೆ? ಅವನ ಪರ ನಿಲ್ಲುವ ವಕೀಲರು ಪಾಪದಲ್ಲಿ ಪಾಲುಗಾರರಾದಂತಲ್ಲವೇ?

ಇಲ್ಲಿ ಎರಡು ಕೆಲಸಗಳನ್ನು ಬೇರೆ ಮಾಡಿ ನೋಡಬೇಕು. ಸುಳ್ಳು ಸಾಕ್ಷಿ ಹುಟ್ಟಿಸುವುದು, ಪಂಚರಿಗೆ ದುಡ್ಡು ಕೊಟ್ಟು ತಿರುಗಿಸುವುದು: ಇದು ಪಾಪವೂ ಹೌದು, ಅಪರಾಧವೂ ಹೌದು. ಮಗನನ್ನು ಉಳಿಸಲು ವಕೀಲರಿಂದ ಇಂಥದನ್ನು ಕೇಳುವ ತಂದೆ ತಪ್ಪು ಮಾಡುತ್ತಾನೆ. ಆದರೆ ‘ನೀವು ಹೇಳುವುದನ್ನು ನಿಯಮದ ಪ್ರಕಾರ ರುಜುವಾತು ಮಾಡಿ’ ಎಂದು ಸರ್ಕಾರವನ್ನು ಕೇಳುವುದು ಸುಳ್ಳಲ್ಲ. ಆರೋಪಿ ತಪ್ಪಿತಸ್ಥನೆಂದು ಸ್ವತಃ ಅನ್ನಿಸಿದರೂ ವಕೀಲ ಅವನ ಪರ ನಿಲ್ಲಬೇಕು, ಸಾಕಷ್ಟು ಸಾಕ್ಷ್ಯವಿಲ್ಲದೆ ಯಾರಿಗೂ ಶಿಕ್ಷೆಯಾಗಬಾರದು ಎಂಬ ಕಾನೂನಿಗೆ ಅವನು ನಿಷ್ಠನಾಗಿರಬೇಕು ಎಂಬುದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ. ಇಂಥವರ ಪರ ಯಾರೂ ಹಾಜರಾಗಬಾರದೆಂದು ವಕೀಲರ ಸಂಘಗಳು ಮಾಡುವ ನಿರ್ಣಯಗಳಿಗೆ ಬೆಲೆಯಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಸ್ಪಷ್ಟವಾಗಿ ಹೇಳಿತು. ಆದರೂ 2020ರಲ್ಲಿ ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಹುಬ್ಬಳ್ಳಿಯ ವಕೀಲರ ಸಂಘ ಅಂಥದೇ ನಿರ್ಣಯ ಮಾಡಿತು. ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಬೆಂಗಳೂರಿನಿಂದ ಹೋದ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಬೇಕಾಯಿತು.

ಇನ್ನೂ ಒಂದು ಆಕ್ಷೇಪ ಉಳಿಯುತ್ತದೆ, ಅದನ್ನು ಮುಚ್ಚಿಡುವುದು ಬೇಡ. ದೊಡ್ಡ ದಂಧೆಗಾರನೊಬ್ಬ ಕಾಗದದ ಲೋಪ ಹಿಡಿದು ತಪ್ಪಿಸಿಕೊಂಡರೆ? ಹಾಗೆ ಆಗುವುದುಂಟು, ಅದು ನೋವಿನ ಸಂಗತಿಯೇ. ಒಂದು ವಿಧಿ ತಪ್ಪಿದ ಮಾತ್ರಕ್ಕೆ ಕೇಸು ತಾನಾಗಿ ಬಿದ್ದುಹೋಗದು ಎಂದು ಮಾದರಿ ತೆಗೆಯುವ ವಿಷಯದಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿರುವುದೂ ಈ ಆತಂಕದಿಂದಲೇ ಇರಬಹುದು. ಆದರೆ ನನ್ನ ಮಟ್ಟಿಗೆ ಉತ್ತರ ಇಷ್ಟೇ. ದೊಡ್ಡವನಿಗೆ ವಕೀಲರ ಕೊರತೆ ಎಂದಾದರೂ ಆದದ್ದುಂಟೇ? ನೀವು ನಾವು ಕೈ ಹಿಂತೆಗೆದರೆ ವಕೀಲರಿಲ್ಲದೆ ನಿಲ್ಲುವವನು ಬ್ಯಾಗು ಹೊತ್ತ ಹುಡುಗ, ಬ್ಯಾಗಿನ ಒಡೆಯನಲ್ಲ.

ಮನೆಯವರಿಗೆ ಕೆಲವು ಮಾತು. ವಕೀಲರನ್ನು ಹಿಡಿಯಲು ಮೊದಲ ದಿನವೇ ಹೊಲ ಅಡವಿಡಬೇಡಿ, ‘ಮೇಲಿನವರಿಗೆ ಕೊಡಬೇಕು’ ಎಂದು ಬರುವ ಮಧ್ಯವರ್ತಿಗಳ ಮಾತಿಗೆ ಮರುಳಾಗಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ತಾಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಅಥವಾ ಕಲಬುರಗಿಯ ಜಿಲ್ಲಾ ಪ್ರಾಧಿಕಾರದಲ್ಲಿ ಕೇಳಿ. 15100ಕ್ಕೆ ಫೋನ್ ಮಾಡಿದರೂ ಆದೀತು. ಉಚಿತ ವಕೀಲರೆಂದರೆ ಕೈಲಾಗದವರು ಎಂಬ ತಾತ್ಸಾರ ಬೇಡ. ಅವರಿಗೆ ನಿಜ ಹೇಳಿ. ಅರ್ಧ ಸತ್ಯ ಕೇಳಿದ ವಕೀಲರು ಅರ್ಧ ಕೇಸನ್ನೇ ನಡೆಸಬಲ್ಲರು. ಮಗ ಮಾರುವವನಲ್ಲ, ಸೇದುವ ಚಟಕ್ಕೆ ಬಿದ್ದವನು ಎಂದಾದರೆ ಅದನ್ನು ಮರ್ಯಾದೆಯ ಪ್ರಶ್ನೆ ಮಾಡಿಕೊಂಡು ಮುಚ್ಚಿಡಬೇಡಿ. ಸೇವನೆಯ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿರುವ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ, ಮೊಕದ್ದಮೆಯಿಂದ ವಿನಾಯಿತಿ ಕೊಡುವ 64ಎ ಎಂಬ ವಿಧಿ ಅದೇ ಬಿಗಿ ಕಾಯಿದೆಯಲ್ಲಿದೆ. ನಡುವೆ ಬಿಟ್ಟರೆ ವಿನಾಯಿತಿಯೂ ಹೋಗಬಹುದು.

ನೆರೆಯವರಾದ ನಿಮಗೆ ಎದುರಾಗುವ ನಿಜವಾದ ಪರೀಕ್ಷೆ ಬಹುಶಃ ಫೀಸಿನದಲ್ಲ, ಜಾಮೀನಿನದು. ಜಾಮೀನು ಮಂಜೂರಾದರೂ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಉಳಿಯುವವರಿದ್ದಾರೆ. 1978ರಲ್ಲಿ ಮಧ್ಯಪ್ರದೇಶದ ಮೋತಿರಾಂ ಎಂಬ ಬಡ ಗೌಂಡಿಗೆ ಹತ್ತು ಸಾವಿರದ ಶ್ಯೂರಿಟಿ ಕೇಳಿ, ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅದನ್ನೂ ತಿರಸ್ಕರಿಸಿದಾಗ ಸುಪ್ರೀಂ ಕೋರ್ಟ್ ಕಟುವಾಗಿ ಟೀಕಿಸಿ ಅವನನ್ನು ಬಿಡಿಸಿತು. ಶ್ಯೂರಿಟಿ ನಿಂತರೆ ಅವನ ತಪ್ಪಿಗೆ ಸಹಿ ಹಾಕಿದಂತಾಗುವುದಿಲ್ಲ. ತಾರೀಖಿಗೆ ಬರುತ್ತಾನೆಂದು ಮಾತ್ರ ನೀವು ಮಾತು ಕೊಡುವುದು. ಆದರೆ ಅವನು ಓಡಿಹೋದರೆ ಬಾಂಡಿನ ಹಣ ನಿಮ್ಮ ಕೊರಳಿಗೆ ಬರುತ್ತದೆ. ಆದುದರಿಂದ ಆ ತಾಯಿಯನ್ನು ಕೂರಿಸಿಕೊಂಡು ಕೇಳಿ: ಹುಡುಗ ಎಲ್ಲಿರುತ್ತಾನೆ, ಏನು ಕೆಲಸ ಮಾಡುತ್ತಾನೆ, ಪ್ರತಿ ತಾರೀಖಿಗೆ ಕಲಬುರಗಿಗೆ ಅವನ ಜೊತೆ ಹೋಗುವವರು ಯಾರು? ಇಷ್ಟು ಗೊತ್ತುಮಾಡಿಕೊಂಡು ಪಹಣಿ ತೆಗೆಸಲು ಹೋಗಿ.