ನಾಳೆಗೆ ಮುಚ್ಚಿಟ್ಟ ರೊಟ್ಟಿ ಯಾರದು?

ಅನ್ನವನ್ನು ನಾಳೆಗೆ ಎತ್ತಿಡುವುದು ಧರ್ಮವೋ, ಆಸೆಯೋ? ನಮ್ಮ ಕಲಬುರಗಿ ಸೀಮೆಯಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳು ಅಕ್ಕಪಕ್ಕದಲ್ಲೇ ಬಾಳುತ್ತಿವೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಮಧ್ಯಾಹ್ನದ ಹೊತ್ತು ದತ್ತಾತ್ರೇಯನೇ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆ. ಅದಕ್ಕೇ ಅಲ್ಲಿ ಸಾಹುಕಾರನೂ ಜೋಳಿಗೆ ಹಿಡಿದು ಮಧುಕರಿ ಬೇಡುತ್ತಾನೆ. ಐದು ಮನೆ ತಿರುಗಬೇಕು, ಸಿಕ್ಕಿದ್ದನ್ನು ಉಂಡು ಏಳಬೇಕು. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಶರಣಬಸವೇಶ್ವರರ ದಾರಿ ಬೇರೆ: ದುಡಿ, ಬೆಳೆ, ಬಂದವರಿಗೆ ನೀಡು. ದಾಸೋಹದ ಮನೆಯಲ್ಲಿ ರೊಟ್ಟಿ ಬುಟ್ಟಿ ಬರಿದಾಗಬಾರದು.

ಇವೆರಡೂ ಜಗಳವಾಡುವುದಿಲ್ಲ. ಒಬ್ಬ ಏನೂ ಕೂಡಿಡದೆ ಜೋಳಿಗೆ ಹಿಡಿಯಬೇಕಾದರೆ ಇನ್ನೊಬ್ಬರ ಮನೆಯಲ್ಲಿ ಏನಾದರೂ ಉಳಿದಿರಲೇಬೇಕು. ನನ್ನ ಅತ್ತೆ ರಾತ್ರಿ ಎಲ್ಲರ ಊಟವಾದ ಮೇಲೂ ಎರಡು ರೊಟ್ಟಿ, ಒಂದಿಷ್ಟು ಪುಂಡಿ ಪಲ್ಯ ಮುಚ್ಚಿಡುತ್ತಿದ್ದರು. “ಯಾರರೆ ಬಂದ್ರ?” ಅನ್ನುವುದೊಂದೇ ಅವರ ಶಾಸ್ತ್ರ. ಯಾರೂ ಬರದಿದ್ದರೆ ಬೆಳಿಗ್ಗೆ ಆಕಳಿಗೆ. ಮುಚ್ಚಿಟ್ಟದ್ದು ಎಂದೂ ನಮ್ಮದಾಗಿರಲಿಲ್ಲ.

ನನ್ನ ತವರು ಜೇವರ್ಗಿ ಕಡೆ, ಕೊಟ್ಟ ಮನೆ ಆಳಂದ. ಈಗ ಅದೇ ಅಡುಗೆಮನೆಗೆ ಪುಣೆಯ ಸೊಸೆ ಪ್ಲಾಸ್ಟಿಕ್ ಹಾಳೆಯ ಸುರುಳಿ ತಂದಿದ್ದಾಳೆ. “ಅತ್ತಿ, ಇದರಾಗ ಸುತ್ತಿಟ್ಟರ ಚಪಾತಿ ಮೆತ್ತಗ ಇರ್ತಾವ್ರಿ.” ಇರುತ್ತವೆ, ಸುಳ್ಳಲ್ಲ. ಆದರೆ ನಮ್ಮ ಖಡಕ್ ರೊಟ್ಟಿ ವಾರಗಟ್ಟಲೆ ಬಾಳುವುದು ಒಣಗಿರುವುದರಿಂದ. ಅರಿವೆಯಲ್ಲಿ ಕಟ್ಟಿದರೆ ಉಗಿ ಹೊರಗೆ ಹೋಗುತ್ತದೆ. ಬಿಸಿ ಇರುವಾಗಲೇ ಹಾಳೆ ಸುತ್ತಿದರೆ ಉಗಿ ನೀರಾಗಿ ಅಲ್ಲೇ ಕೂತು ಬೂಸ್ಟು ಹಿಡಿಯುತ್ತದೆ. ಹಾಳೆ ಕ್ರಿಮಿಯನ್ನು ಕೊಲ್ಲುವುದೂ ಇಲ್ಲ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅನ್ನ, ಸಾರು ಬೇಗನೆ ಆರಿಸಿ ಫ್ರಿಜ್ಜಿಗೆ ಇಡದಿದ್ದರೆ ಎಷ್ಟು ಚಂದ ಸುತ್ತಿದರೂ ಹಳಸುತ್ತದೆ. ಪಿವಿಸಿ ಹಾಳೆಯಾದರೆ, ಅದು ಮೆತ್ತಗಾಗಲಿ ಅಂತ ಬೆರೆಸಿದ ರಾಸಾಯನಿಕ ಎಣ್ಣೆ-ತುಪ್ಪಕ್ಕೆ ತಾಗಿದಾಗ, ಬಿಸಿ ತಗುಲಿದಾಗ ಅಡುಗೆಗೆ ಇಳಿಯುತ್ತದೆ. ಹಾಗಾಗಿ ಶೇಂಗಾ ಹಿಂಡಿಗೆ, ಉಪ್ಪಿನಕಾಯಿಗೆ, ತುಪ್ಪದ ಹೋಳಿಗೆಗೆ ಈ ಹಾಳೆ ಬೇಡವೆಂದೆ. ತಂದ ಸುರುಳಿಯನ್ನು ಎಸೆದರೆ ಅದೂ ಕಸವೇ. ಮುಗಿಯುವ ತನಕ ತಣ್ಣಗಾದ ಬಟ್ಟಲಿನ ಬಾಯಿಗೆ, ಅಡುಗೆಗೆ ತಾಗದ ಹಾಗೆ ಕಟ್ಟು, ಹೊಸದು ತರಬೇಡ ಅಂದೆ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ನಿಷೇಧಿಸಿದ ಪ್ಲಾಸ್ಟಿಕ್ ಸಾಮಾನುಗಳ ಪಟ್ಟಿಯಲ್ಲಿ ಕ್ಯಾರಿಬ್ಯಾಗು, ತಟ್ಟೆ, ಲೋಟಗಳ ಸಾಲಿನಲ್ಲೇ ಈ ಕ್ಲಿಂಗ್ ಫಿಲ್ಮೂ ಇದೆ.

ಕಾನೂನಿನ ಮಾತು ಅಲ್ಲಿಗೆ ಮುಗಿಯುತ್ತದೆ, ಧರ್ಮದ ಮಾತು ಮುಗಿಯುವುದಿಲ್ಲ. ಅಮರ್ಜಾ ಹೊಳೆ ನಮ್ಮ ಆಳಂದ ತಾಲ್ಲೂಕಿನಿಂದ ಹರಿದು ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಅಲ್ಲಿಂದ ಜೇವರ್ಗಿ ಸೀಮೆಗೆ ಇಳಿಯುತ್ತಾಳೆ. ನಾನು ಹಳ್ಳಕ್ಕೆ ಬಿಟ್ಟ ಹಾಳೆ ದತ್ತನ ಸ್ನಾನದ ನೀರು ದಾಟಿ ನನ್ನ ತವರಿಗೇ ಬರಬಹುದು. ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲುವ ಜನ ನಾವು, ಭೂಮಿಗೂ ಹಸಿವಿದೆ ಅಂತ ನಂಬಿದವರು. ಬಜ್ಜಿ-ಕಡುಬಿನ ಜೊತೆ ಅವಳಿಗೆ ಅರಗದ್ದನ್ನೂ ಬಡಿಸಿ ಬಂದರೆ ಅದನ್ನು ಚರಗ ಅನ್ನಲಾಗದು.

ಸೊಸೆ ಸುಮ್ಮನೆ ಕೇಳಿಸಿಕೊಳ್ಳಲಿಲ್ಲ. “ಅರಿವಿ ಒಗೆಯೋರು ಯಾರ‍್ರಿ? ಎಂಟಕ್ಕ ನಾ ಬಸ್ ಹಿಡೀಬೇಕು.” ಇದು ಗಟ್ಟಿ ಪ್ರಶ್ನೆ. ಮಡಿ, ಶುದ್ಧಿ, ಅನ್ನದ ಮರ್ಯಾದೆ ಎಲ್ಲವೂ ಹೆಣ್ಣುಮಕ್ಕಳ ರಟ್ಟೆಯ ಮೇಲೇ ನಿಂತಿರುವಾಗ ಕೈಗೊಂದು ಸುಲಭದ ಹಾಳೆ ಸಿಕ್ಕರೆ ಅವರು ಹಿಡಿಯದೇ ಇನ್ನೇನು ಮಾಡಿಯಾರು? ಆದರೆ ಹಾಳೆ ಬಂತೆಂದು ಒಗೆಯುವ ಕೆಲಸ ಮಾಯವಾಗಲಿಲ್ಲ. ಬೆಳಗಾಗೆದ್ದು ಕಸ ಎತ್ತುವ ಪೌರಕಾರ್ಮಿಕರ ಮೇಲೆ, ಹಳ್ಳದ ಮೇಲೆ, ಆಕಳ ಹೊಟ್ಟೆಯ ಮೇಲೆ ಬಿತ್ತು. ಶರಣರು ದಾಸೋಹದ ಹಿಂದೆ ಕಾಯಕವನ್ನು ಕಟ್ಟಿದ್ದು ಇದಕ್ಕೇ ಅನಿಸುತ್ತದೆ: ನೀಡುವವನ ಶ್ರಮವನ್ನು ಇನ್ನೊಬ್ಬ ಹೊರಬಾರದು. ಯಾರಿಗೋ ಎತ್ತಿಟ್ಟ ಅನ್ನ ಇನ್ಯಾರಿಗೋ ಭಾರವಾದರೆ ಅದು ಕೂಡಿಟ್ಟದ್ದೇ ಹೊರತು ನೀಡಿದ್ದಲ್ಲ.

ಮಠದ ದಾಸೋಹದಲ್ಲಿ ಸೌಟು ಹಿಡಿಯುವವರು, ಕೊಪ್ಪರಿಗೆ ತಿಕ್ಕುವವರು ಬಹಳ ಸಲ ಗಂಡಸರೇ. ಅಲ್ಲಿ ಸೇವೆ ಅನಿಸಿದ್ದು ಮನೆಯಲ್ಲಿ ಯಾಕೆ ಹೆಂಗಸರ ಕೆಲಸವಾಗಬೇಕು? ಮುಚ್ಚಳದ ಸ್ಟೀಲ್ ಡಬ್ಬಿ ಒಂದು ಸೆಟ್ ತರಿಸಿದೆ. ರೊಟ್ಟಿ ಕಟ್ಟುವ ಅರಿವೆ ಒಗೆಯುವುದು ಇನ್ನು ಮಗನ ಕಾಯಕ. ಅವನು ಗೊಣಗುತ್ತಾನೆ, ಗೊಣಗಲಿ.