ಬುರುಡೆಯ ಒಳಮೈ



ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಮಾಡುವ ಕೆಲಸವನ್ನು ಮನಃಪೂರ್ವಕವಾಗಿ ಮಾಡಬೇಕಾದುದು ಏಕೆ? ಈ ಪ್ರಶ್ನೆಗೆ ನಾವೆಲ್ಲರೂ ಬಾಲ್ಯದಲ್ಲೇ ಉತ್ತರ ಕಲಿತಿದ್ದೇವೆ: ದೇವರು ನೋಡುತ್ತಾನೆ. ಉತ್ತರ ಸರಿಯಾದುದೇ. ಆದರೆ ಕೆಲಸ ಮಾಡುವವನು ಬೇರೊಬ್ಬನಾಗಿದ್ದು, ಅದನ್ನು ಕೊಳ್ಳುವವರು ನಾವಾಗಿರುವಾಗ ಈ ಉತ್ತರ ನಮಗೆ ತುಸು ಹೆಚ್ಚೇ ಅನುಕೂಲವಾಗಿ ಒದಗುತ್ತದೆ. ಹೊಣೆಯೆಲ್ಲವನ್ನೂ ಕುಶಲಕರ್ಮಿಯ ಆತ್ಮಸಾಕ್ಷಿಯ ಮೇಲೆ ಹೊರಿಸಿ ನಾವು ಹಗುರಾಗಿಬಿಡುತ್ತೇವೆ. ಆ ಹೊಣೆಯಲ್ಲಿ ನಮ್ಮ ಪಾಲೆಷ್ಟು ಎಂಬುದನ್ನು ತಂಬೂರಿಯೆಂಬ ವಾದ್ಯವನ್ನು ಮುಂದಿಟ್ಟುಕೊಂಡು ವಿಚಾರಿಸೋಣ.

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಕುಟುಂಬಗಳಿಗೆ ಭೀಮಾ ನದಿಯನ್ನು ಪರಿಚಯಿಸಬೇಕಾಗಿಲ್ಲ. ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ಹೊಳೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಮುಂದೆ ಭೀಮೆ ಜೇವರ್ಗಿಯ ನೆಲವನ್ನು ಬಳಸಿ ಕೃಷ್ಣೆಯತ್ತ ಸಾಗುತ್ತದೆ. ಇದೇ ಭೀಮೆ ನಮ್ಮಲ್ಲಿಗೆ ಬರುವ ಮೊದಲು ಮಹಾರಾಷ್ಟ್ರದ ಪಂಢರಪುರವನ್ನು ಹಾಯ್ದು ಬರುತ್ತದೆ. ಪಂಢರಪುರ, ಮಂಗಳವೇಢೆಗಳ ಸುತ್ತಿನ ಹೊಲಗಳಲ್ಲಿ ಒಂದು ಬಗೆಯ ಕಹಿಕಾಯಿಯನ್ನು ಬೆಳೆಯುತ್ತಾರೆ. ಪಲ್ಯಕ್ಕೆ ಬಾರದು, ದನಕ್ಕೂ ಬೇಡ. ಆದರೂ ರೈತ ಅದನ್ನು ಮಗುವಿನಂತೆ ನೋಡಿಕೊಳ್ಳುತ್ತಾನೆ. ಏಕೆಂದರೆ ದಪ್ಪ ಸಿಪ್ಪೆಯ ಆ ದುಂಡುಕಾಯಿಯೇ ಒಣಗಿ ತಂಬೂರಿ, ಸಿತಾರಗಳ ಬುರುಡೆಯಾಗುತ್ತದೆ. ಆಕಾರ ಕೆಡಬಾರದು, ನೆಲಕ್ಕೆ ತಾಗಿದ ಭಾಗ ಕೊಳೆಯಬಾರದು, ತಿಂಗಳುಗಟ್ಟಲೆ ಒಣಗುವಾಗ ಬಿರುಕು ಬಿಡಬಾರದು. ಹೀಗೆ ಉಳಿದು ಬಂದ ಬುರುಡೆಗಳು ಮಿರಜ ಪಟ್ಟಣವನ್ನು ಸೇರುತ್ತವೆ.

ಮಿರಜದ ಕಥೆ ಸ್ವಾರಸ್ಯಕರವಾದುದು. ಕತ್ತಿ, ಭರ್ಜಿಗಳನ್ನು ಮಾಡಿ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು ಅಲ್ಲಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಸಂಸ್ಥಾನಗಳ ಯುದ್ಧಗಳು ನಿಂತು ಆಯುಧಗಳಿಗೆ ಗಿರಾಕಿಗಳಿಲ್ಲದಂತಾದಾಗ, ಫರೀದಸಾಹೇಬ ಎಂಬ ಕುಶಲಕರ್ಮಿ ಮತ್ತು ಅವರ ಬಂಧುಗಳು ತಂತಿವಾದ್ಯಗಳನ್ನು ದುರಸ್ತಿ ಮಾಡುವುದಕ್ಕೂ ಆಮೇಲೆ ತಯಾರಿಸುವುದಕ್ಕೂ ತೊಡಗಿದರು. ಪ್ರವಾದಿ ಯೆಶಾಯನು ಕತ್ತಿಗಳು ನೇಗಿಲ ಗುಳಗಳಾಗುವುದನ್ನು ಕಂಡನು; ಇಲ್ಲಿ ಕತ್ತಿಯ ಕೈಗಳು ತಂತಿ ಹೂಡಲು ಕಲಿತವು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ಬಂದು ನೆಲೆಸಿದ್ದು ಈ ಮಿರಜದಲ್ಲೇ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗದಗಿನ ಭೀಮಸೇನ ಜೋಶಿಯವರು. ಹೀಗೆ ಕನ್ನಡ ನಾಡು ಆಲಿಸಿದ ಎಷ್ಟೋ ದೊಡ್ಡ ಕಂಠಗಳ ಹಿಂದೆ ಮಿರಜದ ಬುರುಡೆ ಮಿಡಿದಿದೆ. 2024ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಜಿಐ ಮಾನ್ಯತೆ ದೊರೆಯಿತು.

ಈಗ ವಾದ್ಯವನ್ನು ಕಟ್ಟುವ ಬಗೆಯನ್ನು ಗಮನಿಸಿ. ಬುರುಡೆಯನ್ನು ಕೊಯ್ದು, ನೀರಿನಲ್ಲಿ ನೆನೆಸಿ, ಒಳಗಿನ ತಿರುಳನ್ನು ಕೆರೆದು ತೆಗೆಯಬೇಕು. ಬಾಯಿ ಮುದುಡದಂತೆ ಒಳಗೆ ಕಡ್ಡಿಗಳನ್ನು ಅಡ್ಡಕೊಟ್ಟು ಮತ್ತೆ ಒಣಗಿಸಬೇಕು. ಉತ್ತರ ಭಾರತದಲ್ಲಿ ತೂನ್ ಎಂದು ಕರೆಯುವ ಮರದಿಂದ ಉದ್ದನೆಯ ದಂಡಿಯನ್ನೂ ಬುರುಡೆಯ ಬಾಯಿಗೆ ಮುಚ್ಚುವ ಹಲಗೆಯನ್ನೂ ಕೆತ್ತಬೇಕು. ಬುರುಡೆಗೂ ದಂಡಿಗೂ ನಡುವೆ ಕುತ್ತಿಗೆಯ ತುಂಡನ್ನಿಟ್ಟು ಅಂಟಿನಿಂದ ಬೆಸೆಯಬೇಕು. ಆಮೇಲೆ ಅಲಂಕಾರ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್. ಬಟ್ಟೆಯ ಉಂಡೆಯಿಂದ ಪದರದ ಮೇಲೆ ಪದರ. ಕಡೆಗೆ ಬಿರಡೆ, ಕುದುರೆ, ನಾಲ್ಕು ತಂತಿಗಳು.

ಈ ಸರಣಿಯಲ್ಲಿ ಒಂದು ವಿಶೇಷವಿದೆ. ಪ್ರತಿಯೊಂದು ಹಂತವೂ ತನ್ನ ಹಿಂದಿನ ಹಂತವನ್ನು ಮುಚ್ಚಿಹಾಕುತ್ತದೆ. ಹಲಗೆ ಕೂತ ಮೇಲೆ ಬುರುಡೆಯ ಒಳಮೈಯನ್ನು ಯಾರೂ ಕಾಣರು. ಅಲಂಕಾರದ ಪಟ್ಟಿ ಬಂದ ಮೇಲೆ ಬೆಸುಗೆ ಕಾಣದು. ಪಾಲಿಶ್ ಬಿದ್ದ ಮೇಲೆ ಮರ ಪೂರ್ತಿ ಒಣಗಿತ್ತೋ ಹಸಿಯಿತ್ತೋ ತಿಳಿಯದು. ಹೊಸ ತಂಬೂರಿಯನ್ನು ಮನೆಗೆ ತಂದ ದಿನ ಎಲ್ಲವೂ ಮಿರುಗುತ್ತಿರುತ್ತದೆ. ಹಸಿ ಮರದ ಗುಟ್ಟು ಹೊರಬೀಳುವುದು ಒಂದೆರಡು ಬೇಸಗೆ ಕಳೆದ ಮೇಲೆ: ದಂಡಿ ಬಾಗುತ್ತದೆ, ಬೆಸುಗೆ ಬಾಯಿಬಿಡುತ್ತದೆ, ಶ್ರುತಿ ನಿಲ್ಲುವುದಿಲ್ಲ. ಅಷ್ಟು ಹೊತ್ತಿಗೆ ಮಾರಿದವನು ಯಾರೋ, ಮಾಡಿದವನು ಯಾರೋ. ಬಿಸಿಲಿನ ಮೇಲೆ ತಪ್ಪು ಹಾಕುವುದು ಸುಲಭ. ಕಲಬುರಗಿಯಲ್ಲಿ ಬಿಸಿಲಿಗೆ ಬರವೇ?

ನಮ್ಮ ಹಳ್ಳಿಗಳ ಏಕತಾರಿಗೆ ಈ ತೊಡಕಿಲ್ಲ. ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿರುವ ಕಡಕೋಳದ ಮಡಿವಾಳಪ್ಪನವರು, ಅವರ ಪರಂಪರೆಯ ಚನ್ನೂರ ಜಲಾಲಸಾಹೇಬರು ಮುಂತಾದವರ ತತ್ವಪದಗಳನ್ನು ಏಕತಾರಿ ಮಿಡಿಯುತ್ತ ರಾತ್ರಿಯಿಡೀ ಹಾಡುವವರು ಇಂದಿಗೂ ಇದ್ದಾರೆ. ಒಂದು ಬುರುಡೆ, ಒಂದು ಕೋಲು, ಒಂದು ತಂತಿ. ಎಷ್ಟೋ ಸಲ ಹಾಡುವವನೇ ಅದನ್ನು ಕಟ್ಟಿಕೊಂಡವನು, ಹೆಗಲಿಗೇರಿಸಿ ಹೊತ್ತು ತಂದವನು. ತನಗೆ ತಾನೇ ಹಸಿ ಮರ ಮಾರಿಕೊಳ್ಳುವ ಮೂರ್ಖನಿಲ್ಲ. ಮಾಡುವ ಕೈಗೂ ಬಳಸುವ ಕೈಗೂ ನಡುವೆ ದೂರ ಬೆಳೆದಾಗ, ಆ ದೂರದಲ್ಲಿ ದುಡ್ಡು ಓಡಾಡತೊಡಗಿದಾಗ, ನಮ್ಮ ಪ್ರಶ್ನೆ ಹುಟ್ಟುತ್ತದೆ.

ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಕೊಡುಕೊಳ್ಳುವಿಕೆಯ ಮೋಸವನ್ನು ಕುರಿತು ನಿಧಾನವಾಗಿ ಚರ್ಚಿಸಿದ್ದಾರೆ. ಮಾರುವವನು ತನ್ನ ಸರಕಿನ ದೋಷವನ್ನು ಹೇಳಲೇಬೇಕೇ? ದೋಷ ಕಣ್ಣಿಗೆ ಕಾಣುವಂಥದ್ದಾಗಿದ್ದು, ಅದಕ್ಕೆ ತಕ್ಕಂತೆ ಬೆಲೆ ಇಳಿದಿದ್ದರೆ ಸಾರಿ ಹೇಳಬೇಕಾಗಿಲ್ಲ ಎನ್ನುತ್ತಾರೆ. ಒಕ್ಕಣ್ಣಿನ ಕುದುರೆಯ ಉದಾಹರಣೆ ಕೊಡುತ್ತಾರೆ. ಆದರೆ ದೋಷ ಗುಪ್ತವಾಗಿದ್ದು, ಕೊಂಡವನಿಗೆ ಅದರಿಂದ ಹಾನಿಯಾಗುವಂತಿದ್ದರೆ ಹೇಳುವುದು ಕರ್ತವ್ಯ. ಹಸಿ ಮರದ ತಂಬೂರಿಗೆ ಈ ತೀರ್ಪು ನೇರವಾಗಿ ಅನ್ವಯಿಸುತ್ತದೆ. ಇಷ್ಟಕ್ಕೇ ಅವರು ನಿಲ್ಲುವುದಿಲ್ಲ. ಮಾರುವವನು ತಿಳಿಯದೆ ಚಿನ್ನವನ್ನು ಹಿತ್ತಾಳೆಯೆಂದು ಮಾರಿದರೆ, ತಿಳಿದೂ ಸುಮ್ಮನೆ ಕೊಂಡವನು ಅನ್ಯಾಯ ಮಾಡಿದಂತೆ. ಅವನು ನಷ್ಟವನ್ನು ತುಂಬಿಕೊಡಬೇಕು ಎನ್ನುತ್ತಾರೆ. ಕೊಳ್ಳುವವನೂ ಪಾಪ ಮಾಡಬಲ್ಲನು ಎಂಬ ಈ ಮಾತನ್ನು ನಾವು ಅಷ್ಟಾಗಿ ಕೇಳಿಸಿಕೊಂಡಿಲ್ಲ.

ಮರ ಒಣಗುವುದಕ್ಕೆ ಕಾಲ ಬೇಕು. ಕಾಲಕ್ಕೆ ಬೆಲೆಯಿದೆ: ಇಂದು ಕೊಂಡ ಮರವನ್ನು ವರ್ಷಗಟ್ಟಲೆ ಅಟ್ಟದಲ್ಲಿಟ್ಟು ಕಾಯುವವನ ಹಣ ಅಲ್ಲಿಯೇ ಕೂತಿರುತ್ತದೆ, ಆದರೆ ಮನೆಯ ಒಲೆ ಕಾಯುವುದಿಲ್ಲ, ಮಕ್ಕಳ ಶಾಲೆಯ ಶುಲ್ಕ ಕಾಯುವುದಿಲ್ಲ. ನಾವು ಅಂಗಡಿಯಲ್ಲಿ ಕುಳಿತು ಚೌಕಾಸಿ ಮಾಡುವಾಗ ಬಿರಡೆಯ ಬೆಲೆ, ತಂತಿಯ ಬೆಲೆ, ಕೂಲಿ ಇವನ್ನೆಲ್ಲ ಲೆಕ್ಕ ಹಾಕುತ್ತೇವೆ. ಕಾದ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವು ಕಾಣುವುದಿಲ್ಲವಲ್ಲ. ಬೆಲೆಯನ್ನು ಆ ವರ್ಷಗಳಿಗಿಂತ ಕೆಳಕ್ಕೆ ಜಗ್ಗಿ, ಮುಂದಿನ ತಿಂಗಳ ಹಬ್ಬಕ್ಕೇ ಬೇಕೆಂದು ಪಟ್ಟುಹಿಡಿದ ಮೇಲೆ, ಬಂದ ವಾದ್ಯದಲ್ಲಿ ಹಸಿ ಮರವಿದ್ದರೆ ಅದನ್ನು ನಾವೇ ಹೇಳಿ ಮಾಡಿಸಿಕೊಂಡಂತೆ ಎಂದು ನನಗನ್ನಿಸುತ್ತದೆ. ವಾದ್ಯದೊಳಗಿನ ಸುಳ್ಳು ಎಷ್ಟೋ ಸಲ ಕೊಳ್ಳುವವನ ನಾಲಗೆಯಲ್ಲಿ ಹುಟ್ಟಿರುತ್ತದೆ.

ಹಾಗಾದರೆ ಕುಶಲಕರ್ಮಿ ನಿರ್ದೋಷಿಯೇ? ಹಾಗೆನ್ನಲಾಗದು. "ಈ ಬೆಲೆಗೆ ಇಂಥ ಮರವೇ ಬರುತ್ತದೆ, ನಾಲ್ಕು ವರ್ಷ ಬಾಳಿದರೆ ಹೆಚ್ಚು" ಎಂದು ಬಾಯಿಬಿಟ್ಟು ಹೇಳುವ ದಾರಿ ಅವನಿಗೆ ಯಾವಾಗಲೂ ತೆರೆದಿದೆ. ಅಗ್ಗದ ಕೆಲಸ ತಪ್ಪಲ್ಲ, ಅಗ್ಗದ ಕೆಲಸವನ್ನು ಅಡಗಿಸುವುದು ತಪ್ಪು. ನಮ್ಮ ದೇವಾಲಯಗಳ ಗಾಯನವೃಂದಗಳಲ್ಲಿರುವ ಗಿಟಾರುಗಳನ್ನೇ ನೋಡಿ. ಬಹುಪಾಲು ಅಗ್ಗದ ಗಿಟಾರುಗಳ ಮುಂಭಾಗ ಪ್ಲೈವುಡ್ಡಿನದು. ಪಾಶ್ಚಾತ್ಯ ವಾದ್ಯಮೇಳದ ಆಳೆತ್ತರದ ಡಬಲ್ ಬೇಸ್‌ಗಳಲ್ಲೂ ವಿದ್ಯಾರ್ಥಿಗಳಿಗಾಗಿ ಮಾಡಿದ ಅನೇಕವು ಹೀಗೆಯೇ. ಇದರಲ್ಲಿ ವಂಚನೆಯೇನೂ ಇಲ್ಲ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಗೆಯನ್ನು ಅಖಂಡ ಹಲಗೆಗಿಂತ ಪ್ಲೈವುಡ್ಡೇ ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಪ್ಲೈವುಡ್ಡಿನ ಮೇಲೆ ತೆಳ್ಳನೆಯ ಒಳ್ಳೆಯ ಮರದ ಪದರ ಅಂಟಿಸಿ, ಅಖಂಡ ಹಲಗೆಯೆಂದು ಹೇಳಿ ದುಪ್ಪಟ್ಟು ಬೆಲೆಗೆ ಮಾರಿದರೆ ಅದು ಅಕ್ವಿನಾಸರು ಹೇಳಿದ ಗುಪ್ತದೋಷವೇ. ಗಿಟಾರು ಕೊಳ್ಳಲು ಹೊರಟ ಯುವಕರಿಗೆ ಒಂದು ಸೂಚನೆ: ನಡುವಿನ ದುಂಡು ರಂಧ್ರದ ಅಂಚನ್ನು ಬೆಳಕಿನಲ್ಲಿ ಪರೀಕ್ಷಿಸಿ. ಮೇಲಿನ ಗೆರೆಗಳು ಅಂಚಿನಲ್ಲಿಯೂ ಮುಂದುವರಿದಿದ್ದರೆ ಅಖಂಡ ಹಲಗೆ. ಪದರಗಳು ಕಂಡರೆ ಪ್ಲೈವುಡ್.

ಬೈಬಲಿನಲ್ಲಿ ಹೆಸರಿಸಲ್ಪಟ್ಟ ಕುಶಲಕರ್ಮಿಗಳು ಕೆಲವರೇ. ಅವರಲ್ಲಿ ವಿಮೋಚನಾಕಾಂಡದ ಬೆಚಲೇಲನೊಬ್ಬ. ಅವನು ಮಂಜೂಷವನ್ನು ಮಾಡಿದಾಗ ಅದರ ಹೊರಗಷ್ಟೇ ಅಲ್ಲ, ಒಳಗೂ ಚೊಕ್ಕ ಬಂಗಾರದ ತಗಡನ್ನು ಹೊದಿಸಿದನೆಂದು ಬರೆದಿದೆ. ಮುಚ್ಚಳ ಬಿದ್ದ ಮೇಲೆ ಯಾರೂ ಕಾಣದ ಒಳಮೈಗೆ ಬಂಗಾರ! ಪ್ರವಚನಗಳಲ್ಲಿ ಇದನ್ನು ಬೆಚಲೇಲನ ನಿಷ್ಠೆಗೆ ನಿದರ್ಶನವೆಂದು ಹೇಳಬಹುದು, ಹೇಳಲಿ. ಆದರೆ ಅದೇ ಕಥೆಯ ಇನ್ನೊಂದು ವಿವರ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುತ್ತದೆ. ಜನರು ಕಾಣಿಕೆಗಳನ್ನು ತಂದು ಸುರಿದದ್ದು ಎಷ್ಟೆಂದರೆ, ಕೆಲಸಗಾರರೇ ಹೋಗಿ ಮೋಶೆಗೆ "ಇನ್ನು ಸಾಕು" ಎಂಬರ್ಥದ ಮಾತು ಹೇಳಬೇಕಾಯಿತು. ಮೋಶೆ ಪಾಳೆಯದಲ್ಲೆಲ್ಲ ಸಾರಿಸಿ ಜನರನ್ನು ತಡೆದನು. ಒಳಮೈಗೂ ಬಂಗಾರ ಹೊದಿಸಲು ಬೆಚಲೇಲನಿಗೆ ಸಾಧ್ಯವಾದದ್ದು ಬಂಗಾರ ಕೊಟ್ಟ ಕೈಗಳಿದ್ದುದರಿಂದ. ಆ ಜನ ತೂಕಕ್ಕೆ ತೂಕ ಚೌಕಾಸಿ ಮಾಡಿದ್ದರೆ ಒಳಗಿನ ತಗಡಿಗೆ ಏನಾಗುತ್ತಿತ್ತೋ, ನೀವೇ ಊಹಿಸಿ.

ಇಲ್ಲೊಂದು ಆಕ್ಷೇಪಣೆ ಬರಬಹುದು. ಇಷ್ಟೆಲ್ಲ ತೊಂದರೆ ಏಕೆ, ಯಂತ್ರವಿದೆಯಲ್ಲ? 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣರು ಎಲೆಕ್ಟ್ರಾನಿಕ್ ತಂಬೂರಿಯನ್ನು ಸಿದ್ಧಪಡಿಸಿದರು. ಅವರು ಇಂಜಿನಿಯರರು ಮಾತ್ರವಲ್ಲ, ಕೊಳಲು ನುಡಿಸುವವರು. ಇಂದು ಅದೇ ನಾದ ಮೊಬೈಲಿನಲ್ಲಿಯೂ ದೊರೆಯುತ್ತದೆ. ಒಬ್ಬಳೇ ಕುಳಿತು ಅಭ್ಯಾಸ ಮಾಡುವ ಹಳ್ಳಿಯ ಹುಡುಗಿಗೆ ಇದು ದೊಡ್ಡ ಉಪಕಾರ. ಮಿರಜದ ತಂಬೂರಿಯನ್ನು ಕೊಳ್ಳಲಾರದವಳಿಗೆ ಕೊಳ್ಳಲೇಬೇಕೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಕುಶಲಕರ್ಮಿಯ ಹೊಟ್ಟೆಪಾಡಿಗಾಗಿ ನಾವು ಬೇಡದ ವಾದ್ಯವನ್ನು ಕೊಳ್ಳಬೇಕೆಂಬ ನಿಯಮವಿಲ್ಲ. ನಮಗೆ ಬೇಕಾದುದು ನಾದ ಮಾತ್ರವಾದರೆ ಪೆಟ್ಟಿಗೆ ಸಾಕು. ಆದರೆ ಮನುಷ್ಯನ ಕೈಕೆಲಸವೇ ಬೇಕೆಂದು ಕೇಳಿದ ಮೇಲೆ ಅದಕ್ಕೆ ಪೆಟ್ಟಿಗೆಯ ಬೆಲೆ ಕಟ್ಟುವುದು, ಪೆಟ್ಟಿಗೆಯ ವೇಗ ಬಯಸುವುದು ಯಾವ ನ್ಯಾಯ?

ಸಾಗಿಸುವವರ ಮಾತೂ ಉಳಿದಿದೆ. ತಂಬೂರಿಯನ್ನು ದೂರಕ್ಕೆ ಒಯ್ಯುವಾಗ ತಂತಿಗಳನ್ನು ಸಡಿಲಿಸಬೇಕು, ಬುರುಡೆಗೆ ಮೆತ್ತನೆಯ ಬಟ್ಟೆ ಸುತ್ತಬೇಕು, ಮೇಲೆ ಭಾರ ಬೀಳದಂತೆ ನೋಡಿಕೊಳ್ಳಬೇಕು. ಗಿಟಾರಿಗೂ ಹೀಗೆಯೇ, ಅದರ ಆರು ಉಕ್ಕಿನ ತಂತಿಗಳ ಒಟ್ಟು ಸೆಳೆತ ಸುಮಾರು 70 ಕಿಲೋ ಆಗುತ್ತದೆ. ಅಷ್ಟು ಸೆಳೆತ ಹೊತ್ತ ತೆಳುಹಲಗೆಯನ್ನು ಮೇ ತಿಂಗಳ ಮಧ್ಯಾಹ್ನ ಜೀಪಿನ ಮೇಲೆ ಕಟ್ಟಿ ಜೇವರ್ಗಿಯಿಂದ ಆಳಂದಕ್ಕೆ ಒಯ್ದರೆ ಅದರ ಗತಿಯೇನು? ಹಾದಿಯಲ್ಲಿ ಆದ ಹಾನಿಯೂ ಗುಪ್ತವೇ. ಪೆಟ್ಟು ತಿಂದ ಬುರುಡೆಯಲ್ಲಿ ಕೂದಲೆಳೆಯ ಬಿರುಕು ಪಾಲಿಶಿನ ಕೆಳಗೆ ಮಲಗಿರುತ್ತದೆ; ತಂದವನು ಬಾಯಿಬಿಡದಿದ್ದರೆ ತಪ್ಪು ಮಾಡಿದವನ ತಲೆಗೆ ಹೋಗುತ್ತದೆ. "ದಾರಿಯಲ್ಲಿ ಒಮ್ಮೆ ಬಿತ್ತು" ಎಂದು ಹೇಳುವುದಕ್ಕೆ ಹೆಚ್ಚು ಮಾತು ಬೇಡ, ಧೈರ್ಯ ಬೇಕು.

ಊರು ಮುಟ್ಟಿದ ಮೇಲೂ ಕೆಲಸ ಮುಗಿಯುವುದಿಲ್ಲ. ತಂಬೂರಿಯ ಕುದುರೆಯ ಮೇಲ್ಮೈ ಬರಿಗಣ್ಣಿಗೆ ಸಪಾಟಾಗಿ ಕಂಡರೂ ಅತಿ ಸೂಕ್ಷ್ಮವಾಗಿ ಇಳಿಜಾರಾಗಿರುತ್ತದೆ. ಅದನ್ನು ಅರದಿಂದ ಉಜ್ಜಿ ಹದಗೊಳಿಸುವುದಕ್ಕೆ ಜವಾರಿ ತೆಗೆಯುವುದು ಎನ್ನುತ್ತಾರೆ. ತಂತಿ ಕಂಪಿಸುವಾಗ ಆ ಇಳಿಜಾರನ್ನು ಸವರುವುದರಿಂದಲೇ ತಂಬೂರಿಯ ತುಂಬುನಾದ ಹುಟ್ಟುತ್ತದೆ. ತಂತಿಯ ಕೆಳಗೆ ತೂರಿಸುವ ನೂಲೆಳೆಗೆ ಕನ್ನಡದಲ್ಲಿ ಜೀವಾಳವೆಂದೇ ಹೆಸರು. ಈ ಕೆಲಸಕ್ಕೆ ಅಳತೆಗೋಲಿಲ್ಲ. ಕುಶಲಕರ್ಮಿ ಒಂದಿಷ್ಟು ಉಜ್ಜುತ್ತಾನೆ, ತಂತಿ ಏರಿಸುತ್ತಾನೆ, ಕಣ್ಣು ಮುಚ್ಚಿ ಕೇಳುತ್ತಾನೆ, ತಲೆಯಾಡಿಸಿ ಮತ್ತೆ ಇಳಿಸುತ್ತಾನೆ. ಪಕ್ಕದಲ್ಲಿ ಕುಳಿತ ನಮಗೆ ಎರಡು ನಾದಗಳಲ್ಲಿ ವ್ಯತ್ಯಾಸವೇ ತಿಳಿಯದು. ಮೊದಲನೆಯ ಸಲಕ್ಕೇ "ಆಯಿತು" ಎಂದು ಕೈ ತೊಳೆದುಕೊಂಡಿದ್ದರೂ ನಾವು ದುಡ್ಡು ಕೊಟ್ಟು, ನಮಸ್ಕಾರ ಹೇಳಿ ಎದ್ದು ಬರುತ್ತಿದ್ದೆವು. ಅವನು ಮತ್ತೊಮ್ಮೆ ತಂತಿ ಇಳಿಸುತ್ತಾನೆ. ಆಗ ನಾವು ಗಡಿಯಾರ ನೋಡುತ್ತೇವೆಯೋ, ಸುಮ್ಮನೆ ಕುಳಿತಿರುತ್ತೇವೆಯೋ?